ಡ್ರೈನ್ ಟೆಸ್ಟ್ ಎರಡೇ ನಿಮಿಷದಲ್ಲಿ ಮುಗಿಸಿದರೆ ನಂಬಬೇಡಿ

ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ತಗೊಳ್ಳಲಿಲ್ಲ ಅಂದ್ರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು "ಬ್ಯಾಟರಿ ಹೋಗಿದೆ". ನನಗೂ ಅದನ್ನೇ ಹೇಳಿದರು. ಹೊಸ ಬ್ಯಾಟರಿ ಹಾಕಿಸಿದೆ. ಕಾರು ಎರಡು ದಿನ ನಿಂತಿದ್ದೇ ತಡ, ಅದೂ ಮಲಗಿತು. ಆಗ ಡ್ರೈನ್ ಟೆಸ್ಟ್ (ನಿಂತ ಕಾರು ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆಯುವುದು) ಮಾಡೋಣ ಎಂದರು. ದೊಡ್ಡ ಖರ್ಚು ಬಂದಿದ್ದು ಆ ಟೆಸ್ಟಿನಿಂದಲೇ.

ಬಾನೆಟ್ ಎತ್ತಿದರು, ನೆಗೆಟಿವ್ ಟರ್ಮಿನಲ್ ಬಿಚ್ಚಿದರು, ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸೇರಿಸಿದರು. ಡ್ರೈವರ್ ಬಾಗಿಲು ತೆರೆದೇ ಇತ್ತು. ಒಳಗೆ ಲೈಟು ಉರಿಯುತ್ತಿತ್ತು. ಮೀಟರ್ ಸುಮಾರು 4 ಆಂಪಿಯರ್ ತೋರಿಸಿತು. ಫ್ಯೂಸ್ ಒಂದೊಂದೇ ಕಿತ್ತರು. ಒಂದನ್ನು ಕಿತ್ತಾಗ ರೀಡಿಂಗ್ ದಡಕ್ಕನೆ ಇಳಿಯಿತು. ಅದು ಬಾಡಿ ಕಂಟ್ರೋಲ್ ಮಾಡ್ಯೂಲಿನ, ಅಂದರೆ ಬಾಗಿಲು, ಲಾಕ್, ಒಳಗಿನ ಲೈಟು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಿನ ಫ್ಯೂಸ್. "ಮಾಡ್ಯೂಲ್ ಹೋಗಿದೆ ಸಾರ್, ಬದಲಿಸಲೇಬೇಕು." ಬದಲಿಸಿದರು, ಬಿಲ್ ಕೊಟ್ಟರು. ಮತ್ತೆ ಎರಡು ದಿನಕ್ಕೆ ಕಾರಿನದು ಅದೇ ಕಥೆ.

ಬಾಗಿಲು ತೆರೆದಿದ್ದರೆ ಆ ಮಾಡ್ಯೂಲ್ ಎಚ್ಚರವಾಗಿಯೇ ಇರುತ್ತದೆ, ಕರೆಂಟ್ ಎಳೆದೇ ಎಳೆಯುತ್ತದೆ. ಅದು ದೋಷವಲ್ಲ, ಅದರ ಕೆಲಸ. ಈಗಿನ ಕಾರುಗಳಲ್ಲಿ ಲಾಕ್ ಮಾಡಿದ ಮೇಲೂ ಎಲ್ಲ ಮಾಡ್ಯೂಲ್‌ಗಳು ನಿದ್ದೆಗೆ ಜಾರಲು ಸಮಯ ಬೇಕು. ಕೆಲವಕ್ಕೆ 20 ನಿಮಿಷ, ಕೆಲವಕ್ಕೆ ಒಂದು ಗಂಟೆ. ಆಮೇಲಿನ ರೀಡಿಂಗಿಗೇ ಬೆಲೆ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ.

ಆಮೇಲೆ ಸಿಕ್ಕಿದ ಎಲೆಕ್ಟ್ರಿಷಿಯನ್ ಆತುರದ ಮನುಷ್ಯನಲ್ಲ. ಬಾಗಿಲು ತೆರೆದಿಟ್ಟು, ಅದರ ಅಂಚಿನಲ್ಲಿರುವ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ. ಕಾರಿಗೆ ಬಾಗಿಲು ಹಾಕಿದೆ ಅನ್ನಿಸಬೇಕಲ್ಲ! ಕೀಯನ್ನು ದೂರ ಇಟ್ಟ. ಟರ್ಮಿನಲ್ ಬಿಚ್ಚುವ ಮೊದಲೇ ಮೀಟರಿನ ಒಂದು ತಂತಿಯನ್ನು ಕೇಬಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಕ್ಲಿಪ್ ಹಾಕಿದ. ಹಾಗೆ ಮಾಡಿದರೆ ಬಿಚ್ಚುವಾಗ ಕರೆಂಟ್ ಕಡಿಯುವುದಿಲ್ಲ, ಮಾಡ್ಯೂಲ್‌ಗಳು ಮತ್ತೆ ಏಳುವುದಿಲ್ಲ. ಆಮೇಲೆ ಕಾದ. ಮೀಟರ್ 3 ಆಂಪಿಯರಿನಿಂದ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಬಂದು 0.7ರಲ್ಲಿ ನಿಂತುಬಿಟ್ಟಿತು. ಅಷ್ಟು ಸಾಕು: ದಿನಕ್ಕೆ ಹತ್ತಿರಹತ್ತಿರ 17 ಆಂಪಿಯರ್-ಅವರ್. 45 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನದಲ್ಲಿ ಸುಸ್ತು.

ಫ್ಯೂಸ್ ಬಾಕ್ಸಿನಲ್ಲಿ ಯಾವುದನ್ನು ಕಿತ್ತರೂ ಆ 0.7 ಕದಲಲಿಲ್ಲ. ಆತ ಪಾಸಿಟಿವ್ ಟರ್ಮಿನಲ್ಲಿನ ಮುಚ್ಚಳ ಸರಿಸಿದ. ಕಂಪನಿ ವೈರಿಂಗ್ ಜೊತೆ ಒಂದು ದಪ್ಪ ಕೆಂಪು ವೈರು, ನಡುವೆ ಅದರದ್ದೇ ಫ್ಯೂಸ್. ಅದು ಹೋಗಿದ್ದು ಸೀಟಿನ ಕೆಳಗಿನ ಆಂಪ್ಲಿಫೈಯರ್‌ಗೆ. ಮುಟ್ಟಿ ನೋಡಿದೆ, ಬೆಚ್ಚಗಿತ್ತು! ಸ್ಟೀರಿಯೋ ಆಫ್ ಆಗಿ ಎಷ್ಟೋ ಹೊತ್ತಾಗಿತ್ತು. ಆನ್ ಆಗು ಎಂದು ಹೇಳಲು ಸ್ಟೀರಿಯೋದಿಂದ ಬರಬೇಕಾದ ತೆಳು ಸಿಗ್ನಲ್ ವೈರನ್ನು ಆಕ್ಸೆಸರೀಸ್ ಅಂಗಡಿಯವರು ಆ ದಪ್ಪ ವೈರಿಗೇ ಸುತ್ತಿ ಟೇಪ್ ಹಾಕಿದ್ದರು. ಹೀಗಾಗಿ ಆಂಪ್ಲಿಫೈಯರ್ ಹಗಲೂ ರಾತ್ರಿ ಆನ್. ಅದರ ಫ್ಯೂಸ್ ತೆಗೆದಾಗ ಮೀಟರ್ 0.03ಕ್ಕೆ, ಅಂದರೆ 30 ಮಿಲಿಆಂಪಿಯರಿಗೆ ಬಂತು.

ಹಾಗಾಗಿ ಹೊರಗೆ ಏನಾದರೂ ಹಾಕಿಸಿದ್ದರೆ (ಡ್ಯಾಶ್‌ಕ್ಯಾಮ್, ಜಿಪಿಎಸ್, ಆಂಪ್ಲಿಫೈಯರ್) ಅದನ್ನೇ ಮೊದಲು ನೋಡಿಸಿ. ಬ್ಯಾಟರಿಯಿಂದ ನೇರ ಬಂದ ವೈರಿನ ಸೋರಿಕೆ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸುಮ್ನೆ ನೀವೇ ಮಾಡಿ ನೋಡುವುದಾದರೆ ಮೀಟರಿನ ಕೆಂಪು ತಂತಿ 10 ಆಂಪಿಯರ್ ತೂತಿನಲ್ಲೇ ಇರಲಿ. ಮೀಟರ್ ಜೋಡಿಸಿದಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಆಂಪಿಯರ್‌ನಲ್ಲಿಟ್ಟು ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ಹಿಡಿಯುವುದಂತೂ ನೇರ ಶಾರ್ಟ್. ಕಿಡಿ ಹಾರುತ್ತದೆ, ಕೈ ಸುಡಬಹುದು.

ಹಳೆ ಮಾಡ್ಯೂಲ್ ವಾಪಸ್ ಕೊಡಿ ಎಂದು ಮೊದಲ ಗ್ಯಾರೇಜಿಗೆ ಹೋದರೆ ಎಸೆದಾಯ್ತು ಎಂದರು. ಯಾವ ಪಾರ್ಟ್ ಬದಲಿಸಿದರೂ ಹಳೆಯದು ನನಗೇ ಬೇಕು ಅಂತ ಕೆಲಸಕ್ಕೆ ಮುಂಚೆಯೇ ಹೇಳಿಬಿಡಿ.