ಟಿ.ವಿ.ಯೋ, ಹಾಡೋ, ಸುಮ್ಮನಿರುವುದೋ: ಒಂದೇ ಮೇಜಿನಲ್ಲಿ ನಾಲ್ಕು ವಾರ

ಕೆಫೆ ನಡೆಸುವ ಗೆಳೆಯನೊಬ್ಬ ಗೋಡೆಗೆ ದೊಡ್ಡದೊಂದು ಟಿ.ವಿ. ತಂದು ಹಾಕಿದ. ಜನರಿಗೆ ಬೇಜಾರಾಗದಿರಲಿ ಅಂತ ಅವನ ಲೆಕ್ಕ. ತಿನ್ನಲು ಬಂದವರಿಗೆ ಅದೆಂಥ ಬೇಜಾರು ಮಾರಾಯ ಅಂತ ನನ್ನ ವಾದ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೊದಲ ವಾರ ಟಿ.ವಿ. ದನಿ ಸಮೇತ ಓಡಬೇಕು. ಎರಡನೇ ವಾರ ದನಿ ಬಂದ್, ಬರೀ ಚಿತ್ರ. ಮೂರನೇ ವಾರ ಟಿ.ವಿ. ಆರಿಸಿ ಹಾಡು. ನಾಲ್ಕನೇ ವಾರ ಎರಡೂ ಇಲ್ಲ. ನಾನು ದಿನಾ ಮಧ್ಯಾಹ್ನ ಒಂದೇ ಹೊತ್ತಿಗೆ ಹೋಗಿ, ಮೂಲೆಯ ಅದೇ ಮೇಜಿನಲ್ಲಿ ಕೂತು ತಿನ್ನಬೇಕು, ನೋಡಬೇಕು, ಬರೆದಿಡಬೇಕು. ಬಿಲ್ಲು ಅವನದು. ಹಾಗಾಗಿ ನನ್ನದು ಪೂರ್ತಿ ನಿಷ್ಪಕ್ಷಪಾತ ತೀರ್ಪು ಅಂತ ಎದೆ ತಟ್ಟಿ ಹೇಳಲಾರೆ.

ಮೊದಲ ದಿನ ಎದುರು ಮೇಜಿಗೆ ಒಂದು ಜೋಡಿ ಬಂತು. ಟಿ.ವಿ. ಅವಳ ಬೆನ್ನ ಹಿಂದೆ, ಅವನ ಕಣ್ಣಿಗೆ ನೇರ. ಅವಳು ಏನೋ ಮುಖ್ಯವಾದದ್ದನ್ನೇ ಹೇಳುತ್ತಿದ್ದಳು, ಮುಂದಕ್ಕೆ ಬಾಗಿ ಕೂತಿದ್ದಳು. ಅವನ ಚಮಚ ತಟ್ಟೆಯಿಂದ ಎದ್ದು ಬಾಯಿಗೆ ಹೋಗುವ ಅರ್ಧ ದಾರಿಯಲ್ಲಿ ನಿಂತೇಬಿಟ್ಟಿತು. ಅವಳು ಮಾತು ನಿಲ್ಲಿಸಿದಳು. ಅದೂ ಅವನಿಗೆ ಗೊತ್ತಾಗಲಿಲ್ಲ. ನಾಲ್ಕಾರು ಕ್ಷಣ ಬಿಟ್ಟು ಚಮಚ ಬಾಯಿ ಸೇರಿತು, ಆಮೇಲೆ "ಹ್ಞೂಂ, ಹೇಳು" ಅಂದ. ಅವಳು ಹೇಳಲಿಲ್ಲ. ಫೋನ್ ಕೈಗೆತ್ತಿಕೊಂಡಳು.

ಅವನನ್ನು ಬೈದು ಉಪಯೋಗವಿಲ್ಲ. ಥಟ್ಟನೆ ಏನಾದರೂ ಅಲುಗಿದರೆ, ಸದ್ದಾದರೆ ಕಣ್ಣು ಕಿವಿ ತಾವಾಗಿಯೇ ಅತ್ತ ತಿರುಗುತ್ತವೆ. ರಷ್ಯಾದ ವಿಜ್ಞಾನಿ ಪಾವ್ಲೋವ್ 1927ರಲ್ಲೇ ಇದನ್ನು ವಿವರಿಸಿದ್ದ. ಕಾಡಿನಲ್ಲಿ ಜೀವ ಉಳಿಸುತ್ತಿದ್ದ ಗುಣ ಅದು. ಟಿ.ವಿ.ಯಲ್ಲಿ ದೃಶ್ಯ ಕ್ಷಣಕ್ಷಣಕ್ಕೂ ಕತ್ತರಿಸಿ ಬದಲಾಗುತ್ತದೆ, ಕ್ಯಾಮೆರಾ ಇದ್ದಕ್ಕಿದ್ದಂತೆ ಹತ್ತಿರ ನುಗ್ಗುತ್ತದೆ; ಪ್ರತಿ ಸಲವೂ ಆ ಹಳೆಯ ಗುಣವನ್ನು ಯಾರೋ ಚಿವುಟಿದ ಹಾಗೆ. ನೋಡಬಾರದು ಅಂತ ಶಪಥ ಮಾಡಿ ಕೂತ ನಾನೇ ಆ ದಿನ ಲೆಕ್ಕ ತಪ್ಪುವಷ್ಟು ಸಲ ನೋಡಿದೆ. ಸೋಪಿನ ಜಾಹೀರಾತನ್ನು!

ದನಿಯದು ಬೇರೆಯೇ ಕಥೆ. ಪರದೆಯ ಮೇಲೆ ಆರು ಜನ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕಿರುಚಾಡುತ್ತಿದ್ದರು. ಅದನ್ನು ಮೀರಿ ಮಾತಾಡಲು ಮೇಜಿನವರು ದನಿ ಏರಿಸಿದರು. ಪಕ್ಕದ ಮೇಜಿನವರು ಇವರನ್ನು ಮೀರಲು ಇನ್ನಷ್ಟು. ಟಿ.ವಿ. ಕೇಳಿಸುತ್ತಿಲ್ಲ ಅಂತ ಹುಡುಗ ರಿಮೋಟ್ ಹಿಡಿದು ಎರಡು ಕಡ್ಡಿ ಜಾಸ್ತಿ ಮಾಡಿದ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ಕಿವಿವೈದ್ಯ 1911ರಲ್ಲಿ ಬರೆದದ್ದು ಇದನ್ನೇ: ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಅರಿವಿಲ್ಲದೆಯೇ ಗಂಟಲು ಏರಿಸುತ್ತಾನೆ. ಈ ಏಣಿಯಾಟ ಯಾರೂ ತಡೆಯದಿದ್ದರೆ ಮೇಲಕ್ಕೇ ಹೋಗುತ್ತದೆ. ಎದುರುಬದುರು ಕೂತು ಆಡುವ ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಜನ ತುಂಬಿದ ಹೊತ್ತಿಗೆ ನನ್ನ ಫೋನಿನ ಆ್ಯಪ್ 75ರ ಮೇಲೆ ತೋರಿಸುತ್ತಿತ್ತು. ಫೋನಿನ ಲೆಕ್ಕ ನಿಖರವೇನಲ್ಲ, ಆದರೆ 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಮ್ಮಿ ಇಮ್ಮಡಿಯಾದಂತೆ ಅನಿಸುತ್ತದೆ ಎನ್ನುವುದು ನೆನಪಿರಲಿ.

ಮೂರನೇ ದಿನ ಚಾನೆಲ್ ಬದಲಿಸಿ ಅಂತ ಒಬ್ಬರು, ಬೇಡ ಇದೇ ಇರಲಿ ಅಂತ ಇನ್ನೊಬ್ಬರು. ನಡುವೆ ರಿಮೋಟ್ ಹಿಡಿದು ಪೆಚ್ಚಾಗಿ ನಿಂತ ಹುಡುಗ. ಐದನೇ ದಿನ ಎಲ್ಲೋ ಆದ ಅಪಘಾತದ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ನಾನು ತಟ್ಟೆ ಅರ್ಧಕ್ಕೇ ಬಿಟ್ಟೆ. ಮೊದಲ ವಾರದ ಬಗ್ಗೆ ಇನ್ನು ಹೇಳುವುದೇನಿಲ್ಲ.

ಎರಡನೇ ವಾರ, ಅಂದರೆ ಮೂಕ ಟಿ.ವಿ., ಇಬ್ಬರಿಗೂ ಒಪ್ಪುವ ನಡುದಾರಿ ಅಂದುಕೊಂಡಿದ್ದೆ. ಕಿವಿಗೆ ನಿಜಕ್ಕೂ ಹಾಯೆನಿಸಿತು. ಕಣ್ಣಿಗೆ ಮಾತ್ರ ಅದೇ ಪಾಡು, ಸ್ವಲ್ಪ ಹೆಚ್ಚೇ. ದನಿ ಇಲ್ಲದ ಬಾಯಿ ಏನು ಹೇಳುತ್ತಿದೆ ಅಂತ ಮನಸ್ಸು ಊಹಿಸತೊಡಗುತ್ತದೆ. ಕೆಳಗೆ ಅಕ್ಷರದ ಪಟ್ಟಿ ಓಡುತ್ತಿರುತ್ತದೆ. ಓದು ಬಲ್ಲವನಿಗೆ ಕಣ್ಣೆದುರು ಓಡುವ ಅಕ್ಷರವನ್ನು ಓದದೇ ಬಿಡುವುದು ಆಗದ ಕೆಲಸ. ಒಂದು ದಿನ ತಟ್ಟೆ ಖಾಲಿಯಾಗಿದ್ದನ್ನು ಕಂಡು ಇದನ್ನು ತಿಂದವರು ಯಾರು ಅನ್ನಿಸಿತು. ಕೈ ಬಾಯಿ ತಮ್ಮ ಪಾಡಿಗೆ ಕೆಲಸ ಮುಗಿಸಿದ್ದವು. ರುಚಿ ಹೇಗಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಗಮನ ಬೇರೆಡೆ ಇಟ್ಟು ತಿಂದವರು ಆ ಹೊತ್ತಿಗೂ ಹೆಚ್ಚು ತಿನ್ನುತ್ತಾರೆ, ಅದಕ್ಕಿಂತ ಹೆಚ್ಚಾಗಿ ಮುಂದಿನ ಹೊತ್ತಿಗೆ ತಿನ್ನುತ್ತಾರೆ ಎಂದು 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ ಸಂಶೋಧಕರು ಹೇಳಿದ್ದಾರೆ. ತಿಂದದ್ದರ ನೆನಪೇ ಸರಿಯಾಗಿ ಉಳಿಯದಿದ್ದರೆ ಹೊಟ್ಟೆ ತುಂಬಿತು ಅಂತ ತಲೆಗೆ ಹೇಳುವವರು ಯಾರು? ಕೆಫೆ ಮಾಲೀಕನಿಗೆ ಇದು ಸಿಹಿ ಸುದ್ದಿಯೇ. ಅವನಿಗೆ ಹೇಳಲಿಲ್ಲ.

ಆದರೆ ಇದೇ ವಾರ ನನ್ನ ಹಟ ಒಂದು ಕಡೆ ಸಡಿಲವಾಯಿತು. ಒಬ್ಬರೇ ಬಂದು ತಿನ್ನುವವರನ್ನು ಗಮನಿಸಿದೆ. ಜೊತೆಗೆ ಯಾರೂ ಇಲ್ಲದಾಗ ಕಣ್ಣನ್ನು ಎಲ್ಲಿಡುವುದು ಅನ್ನುವುದೇ ಒಂದು ಮುಜುಗರ. ಎದುರಿನವರನ್ನು ನೋಡಿದರೆ ಅವರು ತಿರುಗಿ ನೋಡುತ್ತಾರೆ, ಗೋಡೆ ನೋಡಿದರೆ ಪೆದ್ದನಂತೆ ಕಾಣುತ್ತೇವೆ. ಅಂಥವರಿಗೆ ಪರದೆ ಕಣ್ಣು ನೇತುಹಾಕುವ ಗೂಟ. ಹೆಗಲು ಸಡಿಲ ಬಿಟ್ಟು ನಿಧಾನವಾಗಿ ತಿನ್ನುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಆ ಗೂಟ ಫೋನಿನ ರೂಪದಲ್ಲಿ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅದಕ್ಕೊಂದು ಕೈ ಕೊಡಬೇಕು.

ಹಾಡಿನ ವಾರ ಗೆದ್ದುಬಿಡುತ್ತದೆ ಅಂತ ಗೆಳೆಯನಿಗೆ ಖಾತ್ರಿಯಿತ್ತು. ಮೊದಲ ಎರಡು ದಿನ ಮಣ್ಣು ಮುಕ್ಕಿತು. ಹಾಡು ಆರಿಸಿದ್ದು ಕೌಂಟರಿನ ಹುಡುಗರು. ಬೀಟು ಎದೆಗೆ ಗುದ್ದುವಂಥದ್ದು, ಸಾಲದ್ದಕ್ಕೆ ಎಲ್ಲವೂ ನನಗೆ ಅರ್ಥವಾಗುವ ಮಾತಿನ ಹಾಡು. ಪುಸ್ತಕ ತೆರೆದರೆ ಒಂದೇ ಸಾಲನ್ನು ಮೂರು ಸಲ ಓದಿದೆ. ಓದುವ ಮಾತೂ ಹಾಡುವ ಮಾತೂ ತಲೆಯೊಳಗಿನ ಒಂದೇ ಕಿರುಬಾಗಿಲಲ್ಲಿ ನುಗ್ಗಲು ಜಗಳ. ಅದರ ಮೇಲೆ, ಇಡೀ ಕೆಫೆಗೆ ಇದ್ದದ್ದು ಒಂದೇ ದೊಡ್ಡ ಸ್ಪೀಕರ್, ಅದೂ ಸರಿಯಾಗಿ ನನ್ನ ತಲೆಯ ಮೇಲೆ. ಬಾಗಿಲ ಹತ್ತಿರ ಕೂತವರಿಗೆ ಕೇಳಿಸಲಿ ಅಂತ ದನಿ ಇಟ್ಟರೆ ಮೂಲೆಯವನ ಕಿವಿ ಗಡಚಿಕ್ಕುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ವಾಪಸ್ ಎಸೆಯುವುದರಿಂದ ಅಷ್ಟು ಇಳಿಯದಿದ್ದರೂ, ಹತ್ತಿರದವನಿಗೆ ಶಿಕ್ಷೆ ತಪ್ಪಿದ್ದಲ್ಲ.

ಮೂರನೇ ದಿನ ಅದನ್ನು ತೆಗೆಸಿ ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಸ್ಪೀಕರ್ ಇಡಿಸಿದೆ. ಹಾಡು ಹೋಯಿತು, ಬರೀ ವಾದ್ಯ ಬಂತು, ನಿಧಾನದ್ದು. ದನಿಯನ್ನು ಎಷ್ಟು ತಗ್ಗಿಸಿದೆವೆಂದರೆ "ಹಾಕಿದ್ದೀರಾ?" ಅಂತ ಒಬ್ಬರು ಕೇಳಿದರು. ಆಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಪಕ್ಕದ ಮೇಜಿನ ಮಾತು ಮಸುಕಾಯಿತು. ಸದ್ದು ಇದೆ, ಆದರೆ ಪದ ಬಿಡಿಸಿಕೊಳ್ಳಲು ಆಗುತ್ತಿಲ್ಲ. ಮೇಜು ಮೇಜಿನ ನಡುವೆ ಯಾರೋ ತೆಳುಪರದೆ ಇಳಿಬಿಟ್ಟ ಹಾಗೆ. ಟಿ.ವಿ. ಎಲ್ಲರ ಮುಖವನ್ನೂ ಒಂದೇ ಗೋಡೆಗೆ ತಿರುಗಿಸಿತ್ತು; ಇದು ಪ್ರತಿ ಮೇಜನ್ನೂ ತನ್ನ ಪಾಡಿಗೆ ಬಿಟ್ಟಿತು. ಸಾಲ ಕೇಳುವವರು, ಪ್ರೀತಿ ಹೇಳುವವರು, ಆಫೀಸಿನ ಬಾಸನ್ನು ಬೈಯುವವರು, ಎಲ್ಲರೂ ಅವರವರ ಡೇರೆಯೊಳಗೆ.

ಗೆಳೆಯನಿಗೆ ಬೇಕಿದ್ದದ್ದು ಗಲ್ಲಾಪೆಟ್ಟಿಗೆಯ ಮಾತು. ರೊನಾಲ್ಡ್ ಮಿಲಿಮನ್ ಎಂಬ ಸಂಶೋಧಕ 1986ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. ಅಮೆರಿಕದ ರೆಸ್ಟೋರೆಂಟ್ ಒಂದರಲ್ಲಿ ನಿಧಾನಗತಿಯ ಸಂಗೀತವಿದ್ದ ದಿನ ಜನ ಸರಾಸರಿ 56 ನಿಮಿಷ ಕೂತರು, ವೇಗದ ಸಂಗೀತವಿದ್ದಾಗ 45 ನಿಮಿಷ. ಊಟದ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಕುಡಿಯುವುದರ ಖರ್ಚು ಮಾತ್ರ ನಿಧಾನದ ದಿನ ಜಾಸ್ತಿ. ಕೇಳಿದೊಡನೆ ಅವನು ಜನ ಕಾಯುವ ಹೊತ್ತಿಗೆ ವೇಗದ್ದು, ಖಾಲಿ ಹೊತ್ತಿಗೆ ನಿಧಾನದ್ದು ಅಂತ ಲೆಕ್ಕ ಹಾಕತೊಡಗಿದ. ಇವನಿಗೆ ಯಾಕಾದರೂ ಹೇಳಿದೆನೋ. ರುಚಿಯ ಮಾತೂ ಇದೆ ಎಂದೆ: 2011ರ ಒಂದು ಪ್ರಯೋಗದಲ್ಲಿ ಜೋರು ಗದ್ದಲದ ನಡುವೆ ತಿಂದವರಿಗೆ ಸಿಹಿಯೂ ಉಪ್ಪೂ ಸಪ್ಪೆಯೆನಿಸಿ, ಗರಿಗರಿ ಮಾತ್ರ ಹೆಚ್ಚೆನಿಸಿತು. ಅಡುಗೆಯವನು ಒಳಗಿಂದಲೇ "ಉಪ್ಪು ಕಮ್ಮಿ ಅಂತ ನನಗೆ ಬೈತಾರೆ!" ಅಂದ.

ಸಂಗೀತದ ಇನ್ನೊಂದು ಮುಖ ತೋರಿಸಿದ್ದು ಮೇಜು ಒರೆಸುವ ಹುಡುಗ. "ನೀವು ಒಂದು ಗಂಟೆ ಕೇಳಿ ಎದ್ದು ಹೋಗ್ತೀರಿ ಸಾರ್. ನನಗೆ ಇದೇ ಪಟ್ಟಿ ದಿನಕ್ಕೆ ನಾಲ್ಕು ಸುತ್ತು. ರಾತ್ರಿ ಮಲಗಿದಾಗಲೂ ಓಡ್ತಿರುತ್ತೆ." ನನ್ನ ಟಿಪ್ಪಣಿಯಲ್ಲಿ ಅವನಿಗೊಂದು ಸಾಲೂ ಇರಲಿಲ್ಲ. ಪಟ್ಟಿಯನ್ನು ಉದ್ದ ಮಾಡಿಸಿದೆವು.

ಹಾಡು ಪುಕ್ಕಟೆಯಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಗೆಂದು ಕೊಂಡ ಸ್ಟ್ರೀಮಿಂಗ್ ಖಾತೆಯನ್ನು ಅಂಗಡಿಯಲ್ಲಿ ಓಡಿಸಲು ಸಾಮಾನ್ಯವಾಗಿ ಅದರ ಷರತ್ತುಗಳೇ ಬಿಡುವುದಿಲ್ಲ. ಸಾರ್ವಜನಿಕವಾಗಿ ನುಡಿಸುವುದಕ್ಕೆ ಬೇರೆ ಪರವಾನಗಿ ಬೇಕು. ತಮಾಷೆಯೆಂದರೆ ಈ ಹಕ್ಕಿನ ಕಥೆಗೆ ಒಂದು ತಿರುವು ಸಿಕ್ಕಿದ್ದು ಕೆಫೆಯಲ್ಲೇ. 1847ರಲ್ಲಿ ಪ್ಯಾರಿಸ್ಸಿನ ಕೆಫೆ ದೆ ಆಂಬಾಸದರ್‌ನಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ರಚನೆಕಾರ ಕುಡಿದದ್ದಕ್ಕೆ ದುಡ್ಡು ಕೊಡಲು ಒಪ್ಪಲಿಲ್ಲ. ನನ್ನ ಕೃತಿ ನುಡಿಸಿ ನೀವು ನನಗೇನೂ ಕೊಡುವುದಿಲ್ಲ, ನಾನೇಕೆ ನಿಮಗೆ ಕೊಡಲಿ ಎಂಬುದು ಅವನ ವಾದ. ಮೊಕದ್ದಮೆ ಅವನ ಪರ ಆಯಿತು. 1851ರಲ್ಲಿ ರಚನೆಕಾರರ ಪರವಾಗಿ ಹಣ ವಸೂಲು ಮಾಡುವ ಸಾಸೆಮ್ ಎಂಬ ಸಂಘ ಹುಟ್ಟಿತು. ಬಿಲ್ಲು ಕೊಡದೆ ಕೂತವರಲ್ಲಿ ನಾನೇ ಮೊದಲಿಗನಲ್ಲ.

ಕೊನೆಯ ವಾರ ಮೌನ. ನನ್ನ ಒಳಮನಸ್ಸಿನ ಓಟು ಮೊದಲಿಂದಲೂ ಇದಕ್ಕೇ. ಮೊದಲ ದಿನ ಒಳಗೆ ಕಾಲಿಟ್ಟಾಗ ಎರಡೇ ಮೇಜು ಭರ್ತಿ. ನಾನು ಕುರ್ಚಿ ಎಳೆದ ಸದ್ದಿಗೆ ಎಲ್ಲರೂ ತಿರುಗಿದರು. ಕಾಫಿ ಯಂತ್ರ ಬುಸುಗುಟ್ಟಿತು, ಒಳಗೆ ಪಾತ್ರೆ ಬಿತ್ತು, ಯಾರೋ ಗುಟುಕರಿಸಿದ್ದು ಕೂಡ ಕೇಳಿಸಿತು. ಕಿಟಕಿ ಪಕ್ಕದ ಹುಡುಗಿ ಫೋನಿನಲ್ಲಿ ಯಾರಿಗೋ "ಹಾಗಲ್ಲ, ಹಾಗಲ್ಲ" ಅಂತ ಪಿಸುಗುಡುತ್ತಿದ್ದಳು. ಅವಳ ಮನೆಯ ಜಗಳದ ಪೂರ್ತಿ ವಿವರ ಬೇಡವೆಂದರೂ ನನ್ನ ಕಿವಿಗೆ ಬಂತು. ಅವಳು ನನ್ನ ಕಡೆ ನೋಡಿದಳು, ನಾನು ಮೆನು ಕಾರ್ಡು ತಿರುವಿ ಹಾಕಿದೆ. ಕೆಫೆ ಗ್ರಂಥಾಲಯವಾಗಿತ್ತು.

ಅದೇ ವಾರದ ಬುಧವಾರ ಕೆಫೆ ತುಂಬಿದಾಗ ಮೌನಕ್ಕೆ ಬೇರೆ ಬಣ್ಣ ಬಂತು. ಹತ್ತು ಮೇಜಿನ ಗುಜುಗುಜು ಕಲೆತು ತಾನೇ ಒಂದು ಪರದೆಯಾಯಿತು. ಮೂರನೇ ವಾರದಲ್ಲಿ ನಾಲ್ಕು ಸ್ಪೀಕರ್ ಮಾಡಿದ ಕೆಲಸವನ್ನು ಜನರೇ ಮಾಡಿದರು, ಅದಕ್ಕಿಂತ ಚೆನ್ನಾಗಿ. ಕಿವಿಗೆ ಯಂತ್ರ ಹಾಕಿಕೊಂಡ ಹಿರಿಯರೊಬ್ಬರು ಮೊಮ್ಮಗಳ ಜೊತೆ ವಾರಕ್ಕೊಮ್ಮೆ ಬರುತ್ತಾರೆ. ಆ ಯಂತ್ರ ಬೇಕಾದ ದನಿಯ ಜೊತೆ ಬೇಡದ್ದನ್ನೂ ಎತ್ತಿ ಕಿವಿಗೆ ಸುರಿಯುತ್ತದೆ. ಟಿ.ವಿ. ವಾರದಲ್ಲಿ ಅವರು ತಲೆಯಾಡಿಸುತ್ತಾ, ನಗುತ್ತಾ ಕೂತಿದ್ದರು. ಆ ನಗು ಏನೂ ಕೇಳಿಸದವರ ನಗು ಅಂತ ನನಗೆ ಆಗ ಹೊಳೆದಿರಲಿಲ್ಲ. ಈ ಬುಧವಾರ ಅವರು ನಡುವೆ ತಡೆದು "ಅಲ್ಲ ಕಣೇ, ನೀನು ಹೇಳಿದ್ದು ತಪ್ಪು" ಅಂದರು. ಮೊಮ್ಮಗಳೊಂದಿಗೆ ವಾದಕ್ಕಿಳಿದಿದ್ದರು!

ಅಂದಮೇಲೆ ಕೆಫೆಗಳು ಮಾಡುತ್ತಿರುವುದು ಪೂರ್ತಿ ತಿರುಗುಮುರುಗು. ಜನ ಕಮ್ಮಿಯಿದ್ದಾಗ ದನಿ ಕಮ್ಮಿ, ಜನ ತುಂಬಿದಂತೆ ದನಿ ಜಾಸ್ತಿ. ಸಂಗೀತದ ಪರದೆ ಬೇಕಿರುವುದು ಬೆಳಗಿನ ಹೊತ್ತು ಎರಡೇ ಮೇಜು ಇದ್ದಾಗ. ಜನ ಬರುತ್ತಿದ್ದಂತೆ ಅದನ್ನು ಇಳಿಸುತ್ತಾ ಹೋಗಿ, ಭರ್ತಿಯಾದಾಗ ಆರಿಸಿಬಿಡಬೇಕು. ಲೊಂಬಾರ್ ಹೇಳಿದ ಏಣಿಯ ಮೊದಲ ಮೆಟ್ಟಿಲೇ ಇರುವುದಿಲ್ಲ. ಟಿ.ವಿ.ಗೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ. ಇಡಲೇಬೇಕೆಂದರೆ ಒಬ್ಬರೇ ಬಂದು ಕೂರುವ ಉದ್ದನೆಯ ಕಟ್ಟೆಯ ಎದುರು ಚಿಕ್ಕದೊಂದು, ದನಿಯಿಲ್ಲದೆ, ಉಳಿದ ಮೇಜುಗಳಿಂದ ಕಾಣದಂತೆ.

ಗೆಳೆಯ ಅರ್ಧ ಒಪ್ಪಿದ. ವಾದ್ಯಸಂಗೀತ ಈಗ ಬೆಳಗ್ಗೆ ಇರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಪೂರ್ತಿ ಆರಿಸಲು ಅವನಿಗೆ ಇನ್ನೂ ಧೈರ್ಯವಿಲ್ಲ. ಟಿ.ವಿ.ಗೆ ದುಡ್ಡು ಸುರಿದಾಗಿದೆ, ಹಾಗಾಗಿ ದೊಡ್ಡ ಪಂದ್ಯಗಳ ದಿನ ಹಾಕುತ್ತಾನೆ. ಆ ದಿನ ಬರುವವರು ತಿನ್ನಲು ಬರುವುದಿಲ್ಲ, ಒಟ್ಟಿಗೆ ಕೂಗಲು ಬರುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಹೋದ ಸಲ ಗೊತ್ತಿಲ್ಲದೆ ಅಂಥದ್ದೇ ದಿನ ಹೋಗಿಬಿಟ್ಟೆ. ಮೂಲೆಯ ನನ್ನ ಮೇಜಿನ ಸುತ್ತ ಎಂಟು ಜನ ನಿಂತಿದ್ದರು. ಒಂದು ಕಾಫಿ ಹೇಳಿ ನಿಂತೇ ಕುಡಿದೆ. ಬಿಲ್ಲನ್ನೂ ನಾನೇ ಕೊಡಬೇಕಾಯಿತು.