ಬೀದರ್ ಕೋಟೆಯ ಕಂದಕಕ್ಕೆ ಬಿಸಿಲು: ಬೇಕ್ ಮಾಡೋದಾ, ಲುಮೆನ್ನಾ?

ಆಟದುದ್ದಕ್ಕೂ ಸೂರ್ಯ ಒಂದೇ ಕಡೆ ನಿಂತಿರುತ್ತಾನೆ ಅಂದರೆ ಆಟ ಕಟ್ಟುವ ಎಂಜಿನ್ ಅನ್‌ರಿಯಲ್ 5ರಲ್ಲೂ, ಆಟ ನಡೆಯುವಾಗಲೇ ಬೆಳಕಿನ ಲೆಕ್ಕ ಹಾಕುವ ಲುಮೆನ್‌ಗಿಂತ ಬೇಕ್ ಮಾಡಿದ, ಅಂದರೆ ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟ ಬೆಳಕೇ ಸರಿ. ನನ್ನ ಓಟು ಅದಕ್ಕೇ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ಸೌಲಭ್ಯ) ಇಲ್ಲದ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನ ಮಾತಿದು. ಎರಡನ್ನೂ ಹಾಕಿ ನೋಡಿದ್ದು ಒಂದೇ ನೆಲದ ಮೇಲೆ: ಬೀದರ್ ಕೋಟೆಯ ಮೂರು ಸಾಲಿನ ಕಂದಕ, 1009×1009 ಬಿಂದುಗಳ ಲ್ಯಾಂಡ್‌ಸ್ಕೇಪ್ (ಎಂಜಿನ್ನಿನೊಳಗಿನ ನೆಲ), ಚೌಕಕ್ಕೆ ಒಂದು ಮೀಟರ್.

ಉಪಗ್ರಹದ ಎತ್ತರದ ದತ್ತಾಂಶದಲ್ಲಿ ಬಿಂದುವಿಂದ ಬಿಂದುವಿಗೆ 30 ಮೀಟರ್ ಅಂತರ, ಕಂದಕ ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಕೈಯಿಂದಲೇ ಕೊರೆಯಬೇಕು. ಹೈಟ್‌ಮ್ಯಾಪ್ (ನೆಲದ ಎತ್ತರವನ್ನು ಬಿಂದುಬಿಂದುವಿಗೆ ಹೇಳುವ ಚಿತ್ರ) 16 ಬಿಟ್ ಇರಲಿ, 8 ಬಿಟ್ ಆದರೆ ನೆಲವೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ.

ನಿಜವಾದ ಕಾಟ ಕಂದಕದ ಗೋಡೆ. ಜಂಬಿಟ್ಟಿಗೆ ಬಂಡೆಯನ್ನು ನೇರವಾಗಿ ಕೆಳಕ್ಕೆ ಕಡಿದಿದ್ದಾರೆ. ಹೈಟ್‌ಮ್ಯಾಪಿನಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರ, ಹಾಗಾಗಿ ನೆಟ್ಟಗಿನ ಗೋಡೆ ಬರುವುದೇ ಇಲ್ಲ. ಒಂದು ಚೌಕದೊಳಗೆ ಎಂಟು ಮೀಟರ್ ಇಳಿಸಿದರೆ ಟೆಕ್ಸ್ಚರ್ (ಮೇಲೆ ಹೊದಿಸಿದ ಕಲ್ಲಿನ ಚಿತ್ರ) ಎಂಟು ಪಟ್ಟು ಜಗ್ಗಿ, ಕಲ್ಲಿನ ತೂತುಗಳು ಉದ್ದನೆಯ ಗೆರೆಗಳಾಗುತ್ತವೆ. ವಿಸಿಬಿಲಿಟಿ ಟೂಲಿನಿಂದ ನೆಲದಲ್ಲಿ ತೂತು ಹೊಡೆದು, ಗೋಡೆಯನ್ನು ಬೇರೆ ಮೆಶ್ (3ಡಿ ಆಕೃತಿ) ಆಗಿ ಕೂರಿಸಬೇಕು.

ಕೂರಿಸಿದ ಮೇಲೆ ಸಂದಿಯಲ್ಲಿ ಬೆಳಕು ಸೋರುತ್ತದೆ. ನೆರಳಿರಬೇಕಾದ ಬುಡದಲ್ಲಿ ಬಿಳಿ ಎಳೆಯೊಂದು ಮಿನುಗುತ್ತಿರುತ್ತದೆ. ಗೋಡೆ ಬರೀ ಹಾಳೆಯಾಗಿದ್ದರೆ ಇದು ಹೋಗುವುದಿಲ್ಲ. ಅರ್ಧ ಮೀಟರ್ ದಪ್ಪ ಕೊಡಿ, ಬುಡವನ್ನು ನೆಲದೊಳಗೆ 30–40 ಸೆಂ.ಮೀ. ಹೂಳಿ. ತೂತಿನ ಅಂಚು ಚೌಕದ ಅಳತೆಗೇ ಹಲ್ಲುಹಲ್ಲಾಗಿ ಬರುವುದರಿಂದ ಗೋಡೆಯ ತಲೆ ಕನಿಷ್ಠ ಒಂದು ಮೀಟರ್ ಹೊರಗೆ ಚಾಚಿರಬೇಕು. ನಾಲ್ಕು ಮೀಟರಿನ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಪ್ರತಿ ತುಂಡಿಗೂ ಲೈಟ್‌ಮ್ಯಾಪ್ (ಬೇಕ್ ಮಾಡಿದ ಬೆಳಕನ್ನು ಉಳಿಸಿಟ್ಟ ಚಿತ್ರ) ಬೇರೆ, ಪಕ್ಕಪಕ್ಕದಲ್ಲೇ ಬಣ್ಣ ಹೊಂದುವುದಿಲ್ಲ. ಮೂರ್ನಾಲ್ಕನ್ನು ಸೇರಿಸಿ ಒಂದೇ ಮೆಶ್ ಮಾಡಿ ಬೇಕ್ ಮಾಡಿ.

ಲುಮೆನ್ ಕೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಗೋಡೆ 10 ಸೆಂ.ಮೀ.ಗಿಂತ ತೆಳ್ಳಗಿರಬಾರದು ಅನ್ನುವುದೇನೋ ಸುಲಭ, ಆದರೆ ಗೋಡೆ, ನೆಲ ಎಲ್ಲ ಬೇರೆ ಬೇರೆ ಮೆಶ್ ಇದ್ದರೇ ಅದಕ್ಕೆ ಇಷ್ಟ. ಹಲವು ಗೋಡೆಗಳನ್ನು ಒಂದೇ ಮೆಶ್‌ನಲ್ಲಿ ಸೇರಿಸಿದರೆ ಒಳಭಾಗದ ಬೆಳಕು ಕೆಡುತ್ತದೆ. ಅದಕ್ಕೇ ಯಾವ ದಾರಿ ಅನ್ನುವುದನ್ನು ಮಾಡೆಲಿಂಗ್‌ಗೆ ಮುಂಚೆಯೇ ತೀರ್ಮಾನಿಸಿ. ಆಮೇಲೆ ಬದಲಾಯಿಸಿದರೆ ಕಂದಕವನ್ನೇ ಹೊಸದಾಗಿ ಕಟ್ಟಬೇಕು.

ಬೇಕ್ ಮುಗಿದರೂ ಏನೂ ಬದಲಾಗಿಲ್ಲ ಅನಿಸಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆಗೆಯಿರಿ. ಲುಮೆನ್ ಆನ್ ಇದ್ದಾಗ ಲೈಟ್‌ಮ್ಯಾಪ್ ಲೆಕ್ಕಕ್ಕೇ ಬರುವುದಿಲ್ಲ. ಗ್ಲೋಬಲ್ ಇಲ್ಯುಮಿನೇಷನ್ (ಎರಚಿದ ಬೆಳಕಿನ ಲೆಕ್ಕ) ‘ನನ್’ (None), ಅಲೋ ಸ್ಟ್ಯಾಟಿಕ್ ಲೈಟಿಂಗ್ ಆನ್ ಇರಬೇಕು. ಸೂರ್ಯನನ್ನು ಸ್ಟೇಷನರಿ (ಜಾಗ ಬದಲಿಸದ ಬೆಳಕು) ಮಾಡಿ, ಡೈನಾಮಿಕ್ ಶ್ಯಾಡೋ ಡಿಸ್ಟೆನ್ಸ್‌ಗೆ 6000 (ಸೆಂ.ಮೀ.) ಕೊಡಿ: 60 ಮೀಟರ್ ಒಳಗೆ ತೆನೆಗೋಡೆಯ ನೆರಳು ಚೂಪಾಗಿ ಬೀಳುತ್ತದೆ, ಅದರಾಚೆ ಬೇಕ್ ಮಾಡಿದ್ದು. ಇದನ್ನು ಬಿಟ್ಟು ಲ್ಯಾಂಡ್‌ಸ್ಕೇಪಿನ ಲೈಟ್‌ಮ್ಯಾಪ್ ರೆಸಲ್ಯೂಷನ್ನನ್ನೇ 1ರಿಂದ 4ಕ್ಕೆ ಏರಿಸಿದರೆ ಮೆಮೊರಿ 16 ಪಟ್ಟು ತಿನ್ನುತ್ತದೆ.

ಲುಮೆನ್ ಗೆಲ್ಲುವುದು ಸೂರ್ಯನ ಕೋನ ಹುಡುಕುವಾಗ. ತಿರುಗಿಸಿದ ಕೂಡಲೇ ಕಾಣುತ್ತದೆ. ಬೀದರಿನಲ್ಲಿ ಮೇ ನಡುವಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಏರುತಗ್ಗೆಲ್ಲ ಸಪಾಟಾಗಿ ಕಾಣುತ್ತದೆ. ಮಾರ್ಚ್ ಕೊನೆಯ ವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ. ಕಂದಕದ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದು ಮಗ್ಗುಲಿಗೆ ಕೆಂಪು ಕಲ್ಲಿನಿಂದ ಎರಚಿದ ಬೆಳಕು. ನಾನು ಇಟ್ಟುಕೊಂಡಿದ್ದು ಅದನ್ನೇ. ಟೆಕ್ಸ್ಚರ್‌ಗೆ ಬೇಕಾದ ಕಲ್ಲಿನ ಫೋಟೋ ಮಾತ್ರ ಮೋಡ ಕವಿದ ದಿನ ತೆಗೆಯಿರಿ, ಇಲ್ಲದಿದ್ದರೆ ನೆರಳಿನ ಮೇಲೆ ನೆರಳು ಬೀಳುತ್ತದೆ.

ಹಗಲೆಲ್ಲ ಪ್ರಿವ್ಯೂ ಮಟ್ಟದಲ್ಲಿ ಬೇಕ್ ಮಾಡಿ. ಪ್ರೊಡಕ್ಷನ್ (ಪೂರ್ತಿ ಗುಣಮಟ್ಟದ) ಬೇಕ್ ಬೆಳಗಿನ ಜಾವಕ್ಕೆ ಇರಲಿ: ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ವೇಗ ಇಳಿಸುತ್ತದೆ, ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಮೊದಲಿಂದ ಶುರು. ಇಂಪಾರ್ಟೆನ್ಸ್ ವಾಲ್ಯೂಮನ್ನು (ಬೇಕ್ ಎಲ್ಲಿ ಸೂಕ್ಷ್ಮವಾಗಿರಬೇಕು ಎಂದು ಗುರುತಿಸುವ ಪೆಟ್ಟಿಗೆ) ಆಟಗಾರ ಓಡಾಡುವ ಜಾಗಕ್ಕಷ್ಟೇ ಹಾಕಿ. ಹಗಲು ರಾತ್ರಿ ತಿರುಗುವ ಆಟವಾದರೆ ಬೇಕ್ ನಡೆಯುವುದಿಲ್ಲ. ಆಗ ಲುಮೆನ್ನೇ ಹಿಡಿದು, ಜಿಟಿಎಕ್ಸ್ 1070ಕ್ಕಿಂತ ಕಡಿಮೆಯಿಲ್ಲದ ಕಾರ್ಡಿಗೆ ದುಡ್ಡು ತೆಗೆದಿಡಿ.