ಫಾಸ್ಟಿಂಗ್ ಇನ್ಸುಲಿನ್ ರಿಪೋರ್ಟ್ ನೋಡಿ ನಾನು ಎರಡು ಸಲ ಮೋಸ ಹೋದೆ

ಮೊದಲ ಸಲ ಹೆದರಿ ಕೆಟ್ಟೆ, ಎರಡನೇ ಸಲ ನೆಮ್ಮದಿಯಿಂದ ಕೆಟ್ಟೆ. ಜಾಸ್ತಿ ಹಾನಿ ಮಾಡಿದ್ದು ಆ ನೆಮ್ಮದಿಯೇ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ನನಗೂ ಹೊಟ್ಟೆ ಬರುತ್ತಿತ್ತು. ಅದಕ್ಕೆ ನಮ್ಮ ವೈದ್ಯರು ಫಾಸ್ಟಿಂಗ್ ಇನ್ಸುಲಿನ್ ಮಾಡಿಸಿದರು, ಅಂದರೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನನ್ನು ಖಾಲಿ ಹೊಟ್ಟೆಯಲ್ಲಿ ಅಳೆಯುವ ಪರೀಕ್ಷೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದರೆ ಈ ಅಂಕಿ ಏರುತ್ತದೆ. 13 ಬಂತು. "ವಾಕಿಂಗ್ ಮಾಡಿ, ತೂಕ ಇಳಿಸಿ, ಆರು ತಿಂಗಳಾದ ಮೇಲೆ ಬನ್ನಿ" ಎಂದರು. ಆರು ತಿಂಗಳಾದ ಮೇಲೆ ಅವರ ಹತ್ತಿರ ಹೋಗುವ ಬದಲು ನಾನೇ ಜಾಣನಾಗಿ ಬೇರೆ ಲ್ಯಾಬ್‌ನಲ್ಲಿ ರಕ್ತ ಕೊಟ್ಟೆ. ಸಂಜೆ ಫೋನಿಗೆ ಒಂದು ಸಾಲಿನ ಸಂದೇಶ: ಇನ್ಸುಲಿನ್ 84.

ಕೈಕಾಲು ತಣ್ಣಗಾಯಿತು. ಮರುದಿನದಿಂದಲೇ ರಾತ್ರಿ ಊಟ ಬಿಟ್ಟೆ, ಆಮೇಲೆ ಬೆಳಗಿನದೂ ಬಿಟ್ಟೆ. ಹತ್ತನೇ ದಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಸಿದು ಕೂತೆ. ಪೂರ್ತಿ ರಿಪೋರ್ಟನ್ನು ಮೊದಲು ತೆರೆದು ನೋಡಿದವಳು ಹೆಂಡತಿ. "ಇದರಲ್ಲಿ ಪಿಕೋಮೋಲ್ ಅಂತಿದೆ, ಹಳೇದರಲ್ಲಿ ಬೇರೆ ಏನೋ ಇದೆಯಲ್ರೀ" ಎಂದಳು.

ಅಷ್ಟೇ ವಿಷಯ. ಕೆಲವು ಲ್ಯಾಬ್‌ಗಳು ಇನ್ಸುಲಿನ್ ಅನ್ನು ಒಂದು ಮಿಲಿಲೀಟರ್‌ಗೆ ಇಷ್ಟು ಮೈಕ್ರೋ ಯೂನಿಟ್ ಎಂದು ಬರೆಯುತ್ತವೆ, ಇನ್ನು ಕೆಲವು ಒಂದು ಲೀಟರ್‌ಗೆ ಇಷ್ಟು ಪಿಕೋಮೋಲ್ ಎಂದು. ಪಿಕೋಮೋಲ್ ಅಂಕಿಯನ್ನು ಸುಮಾರು 6ರಿಂದ ಭಾಗಿಸಿದರೆ ಮೈಕ್ರೋ ಯೂನಿಟ್ ಸಿಗುತ್ತದೆ. ನನ್ನ 84 ಅಂದರೆ 14. ಕೆಲವರು 6.945ರಿಂದ ಭಾಗಿಸುತ್ತಾರೆ, ಆಗ 12. ಹೇಗೆ ನೋಡಿದರೂ ಹಳೆಯ 13ರ ಆಸುಪಾಸೇ! ಒಂದು ಲ್ಯಾಬ್‌ನ ಅಂಕಿ ಇನ್ನೊಂದರ ಜೊತೆ ಸರಿಯಾಗಿ ಹೊಂದುವುದೂ ಇಲ್ಲ, ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಹೋಲಿಸಿ ನೋಡಬೇಕೆಂದಿದ್ದರೆ ಪ್ರತಿಸಲವೂ ಒಂದೇ ಲ್ಯಾಬ್‌ಗೆ ಹೋಗಿ.

ಇಲ್ಲಿಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಊಟ ಬಿಟ್ಟಿದ್ದಕ್ಕೋ ಏನೋ, ಎರಡು ತಿಂಗಳಲ್ಲಿ ಕೂದಲು ಉದುರತೊಡಗಿತು. ಯಾರೋ ಹೇಳಿದರೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಶುರು ಮಾಡಿದೆ, ದಿನಕ್ಕೆ 10 ಮಿಲಿಗ್ರಾಂ. ಕೆಲವು ವಾರ ಬಿಟ್ಟು ಮೊದಲಿನ ಲ್ಯಾಬ್‌ನಲ್ಲೇ ಇನ್ಸುಲಿನ್ ಮಾಡಿಸಿದೆ. ಈ ಸಲ ಯೂನಿಟ್ ಎರಡೆರಡು ಬಾರಿ ನೋಡಿದೆ. 4! ಗೆದ್ದೆ ಅಂದುಕೊಂಡೆ. ವಾಕಿಂಗ್ ನಿಂತಿತು, ವೈದ್ಯರ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳಾದ ಮೇಲೆ ಬೇರೇನಕ್ಕೋ ಹೋದಾಗ ಅವರು ಎಚ್‌ಬಿಎ1ಸಿ ಮಾಡಿಸಿದರು, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ. ಹಿಂದೆ 5.6 ಇದ್ದದ್ದು 6.0 ಆಗಿತ್ತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ನನ್ನ 4ರ ರಿಪೋರ್ಟ್ ನೋಡಿ ಅವರು ಮೊದಲು ಕೇಳಿದ್ದು, "ಯಾವ ಮಾತ್ರೆ ತಗೋತಿದೀರಿ?" ಹಲವು ಲ್ಯಾಬ್ ಯಂತ್ರಗಳು ಬಯೋಟಿನ್ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟುವ ಗುಣವನ್ನೇ ಬಳಸಿ ಇನ್ಸುಲಿನ್ ಅಳೆಯುತ್ತವಂತೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅಳತೆ ತಪ್ಪಿ ಇನ್ಸುಲಿನ್ ಕಡಿಮೆ ತೋರಿಸುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ನನ್ನದರಲ್ಲಿ ಆಗಿತ್ತು. ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನಾನು ನುಂಗುತ್ತಿದ್ದದ್ದು ಅದರ ಮುನ್ನೂರು ಪಟ್ಟಿಗೂ ಜಾಸ್ತಿ. (ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಅಂಕಿ ಸುಳ್ಳೇ ಇಳಿಯುತ್ತದೆ. ಅದು ನಮ್ಮ ಕೈಯಲ್ಲಿಲ್ಲ ಬಿಡಿ.)

ಆಮೇಲೆ ಬೈಗುಳ. "ಜೊತೆಗೆ ಸಕ್ಕರೆ ಯಾಕೆ ನೋಡಿಸಲಿಲ್ಲ? ಇನ್ಸುಲಿನ್ 4, ಸಕ್ಕರೆ 85 ಇದ್ರೆ ಒಳ್ಳೇದು. ಅದೇ 4 ಇದ್ದು ಸಕ್ಕರೆ 180 ಇದ್ರೆ ಮೇದೋಜೀರಕ ಗ್ರಂಥಿ ಸೋತಿದೆ ಅಂತ." ಒಂದೇ ಅಂಕಿ, ಎರಡು ವಿರುದ್ಧ ಅರ್ಥ! ಈ ಪರೀಕ್ಷೆ ಒಂದರಿಂದಲೇ ಸಕ್ಕರೆ ಕಾಯಿಲೆ ಇದೆ, ಇಲ್ಲ ಎಂದು ಯಾರೂ ತೀರ್ಮಾನಿಸುವುದಿಲ್ಲ ಎಂದೂ ಹೇಳಿದರು.

ಮಾತ್ರೆಯನ್ನು ಮೂರು ದಿನ ನಿಲ್ಲಿಸಿ, ರಾತ್ರಿಯಿಡೀ ಉಪವಾಸವಿದ್ದು ಮತ್ತೆ ರಕ್ತ ಕೊಟ್ಟೆ. ಸಕ್ಕರೆ 104, ಇನ್ಸುಲಿನ್ 14. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಹೋಮಾ-ಐಆರ್ ಸಿಗುತ್ತದೆ, ಅಂದರೆ ದೇಹ ಇನ್ಸುಲಿನ್‌ಗೆ ಎಷ್ಟು ಸ್ಪಂದಿಸುತ್ತಿಲ್ಲ ಎಂಬುದರ ಅಂದಾಜು; ಜಾಸ್ತಿಯಾದಷ್ಟೂ ಕೆಟ್ಟದ್ದು. ನನ್ನದು 3.6. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಗಡಿ ಇಲ್ಲ, ಆದರೆ 3.6 ಚೆನ್ನಾಗಿಲ್ಲ. ಲ್ಯಾಬ್ ಮಾತ್ರ ಆ 14ರ ಪಕ್ಕದಲ್ಲಿ 2.6ರಿಂದ 24.9 ಎಂದು ಮುದ್ರಿಸಿ, ನಾರ್ಮಲ್ ಎಂದು ಬಿಟ್ಟಿತ್ತು.

ಈಗ ರಕ್ತ ಕೊಡುವ ಮೊದಲು ನುಂಗುವ ಮಾತ್ರೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತೇನೆ. ವಾಕಿಂಗ್ ಮತ್ತೆ ಶುರುವಾಗಿದೆ. ಕೂದಲು, ಬಯೋಟಿನ್ ಬಿಟ್ಟ ಮೇಲೂ ತಾನಾಗಿಯೇ ಬಂತು.